ಬುಧವಾರದ ಹರಕೆ

ನಮ್ಮ ಮೇಷ್ಟ್ರು ಸ್ವಾತಂತ್ರ್ಯದ ಬಗ್ಗೆ ನಲವತ್ತು ವರ್ಷ ಭಾಷಣ ಮಾಡಿದ್ದಾರೆ. ಮೇಷ್ಟ್ರು ಎಂದರೆ ನನ್ನ ಯಜಮಾನರು. ಅರಸೀಕೆರೆಯಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಹೆಡ್‌ಮಾಸ್ಟರಾಗಿ ರಿಟೈರಾದ ಮೇಲೂ ಆಗಸ್ಟ್ ಹದಿನೈದಕ್ಕೆ ಯಾವುದಾದರೊಂದು ಶಾಲೆಯವರು ಬಂದು, ಹಾರ ಶಾಲು ಎಲ್ಲ ರೆಡಿ ಇದೆ ಸಾರ್ ಎಂದು ಕರೆದುಕೊಂಡು ಹೋಗುತ್ತಾರೆ. ಭಾಷಣ ಶುರುವಾಗುವುದು ಯಾವಾಗಲೂ ಒಂದೇ ವಾಕ್ಯದಿಂದ: "ಸ್ವಾತಂತ್ರ್ಯ ಎಂದರೆ ಸ್ವೇಚ್ಛಾಚಾರವಲ್ಲ." ಅಲ್ಲಿಂದ ಮುಂದೆ ಸ್ವಾತಂತ್ರ್ಯ ಏನೇನಲ್ಲ ಎಂಬುದನ್ನು ಮುಕ್ಕಾಲು ಗಂಟೆ ಹೇಳುತ್ತಾರೆ. ಹಾಗಾದರೆ ಏನು ಎನ್ನುವಷ್ಟರಲ್ಲಿ ಲಾಡು ಹಂಚುವ ಹೊತ್ತಾಗಿರುತ್ತದೆ. ಹೀಗೆ ಎಷ್ಟು ತಲೆಮಾರಿನ ಮಕ್ಕಳು ಸ್ವಾತಂತ್ರ್ಯದ ಅರ್ಥ ತಿಳಿಯದೆ ಲಾಡು ತಿಂದು ಮನೆಗೆ ಹೋದರೋ ಆ ದೇವರೇ ಬಲ್ಲ.

ಮನೆಯಲ್ಲೂ ಅವರು ಸ್ವಾತಂತ್ರ್ಯದ ಕಡೆಯವರೇ. "ಈ ಮನೇಲಿ ನಿನಗೆ ಯಾವುದಕ್ಕೆ ಬೇಡ ಅಂದಿದೀನಿ ಹೇಳು ನೋಡೋಣ" ಎಂದು ಆಗಾಗ ಸವಾಲು ಹಾಕುತ್ತಾರೆ. ನಿಜ, ಬೇಡ ಎಂದದ್ದು ನನಗೂ ನೆನಪಿಲ್ಲ. ತವರಿಗೆ ಹೋಗಬೇಕೆಂದರೆ "ಧಾರಾಳವಾಗಿ ಹೋಗು" ಎನ್ನುತ್ತಾರೆ. ಆಮೇಲೆ ಯಾವ ಬಸ್ಸು ಹತ್ತಬೇಕು, ಯಾವ ಕಡೆಯ ಸೀಟಿಗೆ ಬಿಸಿಲು ಬೀಳುವುದಿಲ್ಲ, ಇಳಿದ ಕೂಡಲೇ ಏನೆಂದು ಫೋನು ಮಾಡಬೇಕು ಎಲ್ಲವನ್ನೂ ಹೇಳಿಕೊಡುತ್ತಾರೆ. ಸೀರೆ ಅಂಗಡಿಯಲ್ಲಿ "ನಿನ್ನಿಷ್ಟ" ಎಂದು ಕೈಕಟ್ಟಿ ಕೂರುತ್ತಾರೆ. ನಾನು ನೀಲಿ ಎತ್ತಿಕೊಂಡರೆ "ಅದೂ ಚೆನ್ನಾಗಿದೆ" ಎನ್ನುತ್ತಾರೆ. ಆ 'ಅದೂ' ಕೇಳಿದ ಮೇಲೆ ನೀಲಿ ಸೀರೆ ತರುವ ಗಂಡೆದೆ ಯಾರಿಗಿದೆ? ನನ್ನ ಬೀರುವಿನ ತುಂಬ ನನ್ನಿಷ್ಟದ ಹಸಿರು ಸೀರೆಗಳೇ ಇವೆ.

ಇಂಥ ಮನೆಯಲ್ಲಿ ನಾನು ಹಾದಿ ತಪ್ಪಿದ್ದು ಒಂದು ಬುಧವಾರ.

ಮಗಳು ಪ್ರಿಯಂವದಾ ಬೇಲೂರಿನಲ್ಲಿ ಕಾಲೇಜು ಲೆಕ್ಚರರು. ಅವಳಿಗೆ ಸಾರಿನ ಪುಡಿ, ಹುಣಿಸೆ ತೊಕ್ಕು ಕಟ್ಟಿಕೊಂಡು ಹೊರಟಿದ್ದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದಾಗಿನಿಂದ, ಹೆಂಗಸರು ಕೆಲಸವಿಲ್ಲದೆ ತಿರುಗುವುದು ಹೆಚ್ಚಾಯಿತು ಎಂದು ಮೇಷ್ಟ್ರಿಗೆ ಬೇಸರ. ಆದರೆ ನನಗೆ ಕೆಲಸವಿತ್ತಲ್ಲ, ತೊಕ್ಕಿನ ಡಬ್ಬಿಯೇ ಸಾಕ್ಷಿ. ಬಸ್ಸು ಜಾವಗಲ್ ದಾಟುವಾಗ ಮಗಳ ಫೋನು ಬಂತು. "ಅಮ್ಮಾ, ಕಾಲೇಜಿಗೆ ಇನ್‌ಸ್ಪೆಕ್ಷನ್‌ನೋರು ಬಂದಿದಾರೆ. ಸಂಜೆ ತನಕ ಬಿಡಲ್ಲ. ನೀನು ವಾಪಸ್ ಹೋಗ್ಬಿಡು, ಇನ್ನೊಂದ್ ದಿನ ಬಾ."

ಹಳೇಬೀಡಿನಲ್ಲಿ ಇಳಿದೆ. ವಾಪಸ್ಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರು "ಅರ್ಸೀಕೆರೆ ಅರ್ಸೀಕೆರೆ" ಎಂದು ಕೂಗುತ್ತಿದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳಿಗೆ ಒಂದು ವಿಚಾರ ಹೊಳೆಯಿತು. ಅರಸೀಕೆರೆಯವರ ಲೆಕ್ಕದಲ್ಲಿ ನಾನು ಬೇಲೂರಿನಲ್ಲಿದ್ದೇನೆ. ಬೇಲೂರಿನವಳ ಲೆಕ್ಕದಲ್ಲಿ ಅರಸೀಕೆರೆಯ ಬಸ್ಸಿನಲ್ಲಿದ್ದೇನೆ. ಅರವತ್ತು ದಾಟಿದ ಮೇಲೆ, ಹುಟ್ಟಿದಾಗಿನಿಂದ ಮೊದಲ ಸಲ, ಯಾರ ಲೆಕ್ಕದಲ್ಲೂ ಇಲ್ಲದ ಜಾಗದಲ್ಲಿ ನಿಂತಿದ್ದೇನೆ. ಕಾಲು ಕೆಳಗಿಳಿಸಿದೆ.

ಮಾಡಿದ ಮಹಾಪಾಪ ಇಷ್ಟು. ಹೋಟೆಲಿಗೆ ಹೋಗಿ ಈರುಳ್ಳಿ ದೋಸೆ ತಿಂದೆ. ಮಾವನವರು ಅರ್ಚಕರಾಗಿದ್ದ ಮನೆ ನಮ್ಮದು, ಈರುಳ್ಳಿ ಇಂದಿಗೂ ಹೊಸ್ತಿಲು ದಾಟಿಲ್ಲ. ಆಮೇಲೆ ಕೆರೆ ಏರಿಯ ಮೇಲೆ ಹೊಂಗೆ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತೆ. ಗುಡಿಗೂ ಹೋಗಲಿಲ್ಲ. ಅಲ್ಲಿ ಗೈಡುಗಳು ಅದು ನೋಡಿ ಇದು ನೋಡಿ ಎನ್ನುತ್ತಾರೆ, ನನಗೆ ಆ ಹೊತ್ತು ಏನನ್ನೂ ನೋಡು ಎನ್ನುವವರು ಬೇಡವಾಗಿತ್ತು. ಕೆರೆಯಲ್ಲಿ ಒಂದು ನೀರುಕೋಳಿ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಏನು ಯೋಚನೆ ಮಾಡಿದೆ ಎಂದು ಕೇಳಿದರೆ ಏನೂ ಇಲ್ಲ. ಎಷ್ಟು ಸುಖವಾಗಿತ್ತು ಎಂದರೆ, ಸಂಜೆ ಬಸ್ಸಿನಲ್ಲಿ ಕೂತು ಸುಮ್ಮಸುಮ್ಮನೆ ನಗುತ್ತಿದ್ದೆ. ಪಕ್ಕದವಳು ಸ್ವಲ್ಪ ಆಚೆ ಸರಿದು ಕೂತಳು.

ಮನೆಗೆ ಬಂದಾಗ ಮೇಷ್ಟ್ರು ಜಗಲಿಯಲ್ಲೇ ಇದ್ದರು. "ಪ್ರಿಯಂವದಾ ಹೇಗಿದಾಳೆ?"

"ಗೊತ್ತಿಲ್ಲ. ಅಲ್ಲಿಗೆ ಹೋಗ್ಲಿಲ್ಲ."

"ಮತ್ತೆ ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?"

"ಹೀಗೇ ಹೋಗಿದ್ದೆ."

"ಹೀಗೇ ಅಂದ್ರೆ?"

"ಹೀಗೇ ಅಂದ್ರೆ ಹೀಗೇ ರೀ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಹೇಳಿಬಿಡಬಹುದಿತ್ತು. ಹೇಳಿದ್ದರೆ ಬೈಯುತ್ತಲೂ ಇರಲಿಲ್ಲ. "ಒಳ್ಳೇದಾಯ್ತು ಬಿಡು, ಆದ್ರೆ ಆ ಏರಿ ಮೇಲೆ ಯಾಕೆ ಕೂತೆ, ಗುಡಿ ಕಡೆ ನೆರಳು ಚೆನ್ನಾಗಿರುತ್ತೆ" ಎನ್ನುತ್ತಿದ್ದರು. ಅಲ್ಲಿಗೆ ನನ್ನ ಮಧ್ಯಾಹ್ನವೂ ಮನೆಯ ಪಾತ್ರೆ ಪಡಗದ ಜೊತೆ ಸೇರಿಹೋಗುತ್ತಿತ್ತು. ಸೀರೆ, ಒಡವೆ, ಮಕ್ಕಳು ಎಲ್ಲ ಎಲ್ಲರದೂ ಆಗಲಿ. ಈ ಒಂದು ನನ್ನದಾಗಿರಲಿ ಎನ್ನಿಸಿತು. ನನ್ನ ಪಾಲಿಗೆ ಸ್ವಾತಂತ್ರ್ಯವೆಂದರೆ ಅಷ್ಟೇ ಸಣ್ಣದು: ವಾರಕ್ಕೊಮ್ಮೆ ಎಲ್ಲಿದ್ದೆ ಎಂದು ಯಾರಿಗೂ ಒಪ್ಪಿಸದೆ ಇರುವುದು. ಧ್ವಜ ಹಾರಿಸುವಷ್ಟು ದೊಡ್ಡದೇನಲ್ಲ.

ಮುಂದಿನ ಬುಧವಾರವೂ ಹೋದೆ. ಅದರ ಮುಂದಿನದೂ.

ನಮ್ಮ ಕಡೆ ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಎಂಥ ಒಳ್ಳೆಯ ಪದ್ಧತಿ ಅಂದುಕೊಳ್ಳಬೇಡಿ. ಎದುರುಮನೆ ಶಾಂತಾದೇವಿಯ ನಾಲಗೆ ಪದ್ಧತಿಯನ್ನೂ ಕೆಡಿಸದೆ ಕೆಲಸವನ್ನೂ ಸಾಧಿಸುತ್ತದೆ. "ದೂರ ಹೊರಟ್ರಾ ಸುಂದರಮ್ಮಾ?" "ಹ್ಞೂಂ." "ತುಂಬಾ ದೂರಾನಾ?" "ಇಲ್ಲ." "ರಾತ್ರಿಗೆ ಬಂದ್ಬಿಡೋ ಅಷ್ಟು ದೂರ ಅನ್ನಿ. ಬ್ಯಾಗ್ ಬೇರೆ ಚಿಕ್ಕದು. ಆಸ್ಪತ್ರೆಗೇನೂ ಅಲ್ಲ ತಾನೇ?" ಪೊಲೀಸಿನವರು ಈಕೆಯ ಹತ್ತಿರ ಟ್ರೇನಿಂಗಿಗೆ ಬರಬೇಕು.

ಮಗ ಮುರಳೀಕೃಷ್ಣ ಇದೇ ಊರಿನಲ್ಲಿ ಗುಮಾಸ್ತ, ಮನೆಯಲ್ಲೇ ಇದ್ದಾನೆ. ಒಂದು ರಾತ್ರಿ ಊಟವಾದ ಮೇಲೆ ಪಕ್ಕಕ್ಕೆ ಬಂದು ಕೂತ. "ಅಮ್ಮಾ, ನಿನ್ ಫೋನ್‌ಗೆ ಲೊಕೇಶನ್ ಹಾಕ್ಕೊಡ್ತೀನಿ. ನಿನ್ ಸೇಫ್ಟಿಗೇ." ಹಾಕಪ್ಪಾ ಎಂದೆ. ಹಾಕಿದ. ಆ ಬುಧವಾರವೆಲ್ಲ ನನ್ನ ಲೊಕೇಶನ್ನು ಫ್ರಿಜ್ಜಿನ ಮೇಲೆ ತುಂಬ ಸೇಫಾಗಿ ಇತ್ತು.

ಮಗಳು ಈ ಕಾಲದವಳು, ಅಪ್ಪನ ಹಾಗಲ್ಲ. ವಿಡಿಯೋ ಕಾಲ್ ಮಾಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಅಮ್ಮಾ, ನಿಂಗೂ ಪರ್ಸನಲ್ ಸ್ಪೇಸ್ ಬೇಕು, ನಂಗೆ ಅರ್ಥ ಆಗುತ್ತೆ. ಅದು ನಿನ್ ಹಕ್ಕು. ಯಾರಿಗೂ ನೀನು ಹೇಳ್ಬೇಕಾಗಿಲ್ಲ." ಒಬ್ಬಳಾದರೂ ಇದ್ದಾಳಲ್ಲ ಎಂದುಕೊಂಡೆ. ಅವಳು ಮೂಗು ಒರೆಸಿಕೊಂಡು ಮುಂದುವರಿಸಿದಳು: "ಆದ್ರೆ ನಂಗಾದ್ರೂ ಹೇಳು, ಎಲ್ಲಿಗೆ ಹೋಗ್ತಿದೀಯ?"

ಬೀದಿಯಲ್ಲಿ ನನಗೆ ಒಂದಷ್ಟು ದಿನ ಕ್ಯಾನ್ಸರ್ ಇತ್ತು. ಅದು ವಾಸಿಯಾದ ಮೇಲೆ ಹಾಸನದ ಲಾಯರೊಬ್ಬರ ಹತ್ತಿರ ಆಸ್ತಿ ಭಾಗದ ಕೇಸು ಹಾಕಿದ್ದೆನಂತೆ. ಮಾಲೇಕಲ್ಲಿನ ಕಡೆಯಿಂದ ಹಾಲು ತರುವ ಕೆಂಚಮ್ಮ ಒಂದು ಬೆಳಗ್ಗೆ ಪಾತ್ರೆಗೆ ಹಾಲು ಹೊಯ್ಯುತ್ತ ಕೇಳಿದಳು. "ಅವ್ವಾ, ನಿಮ್ಗೆ ದೊಡ್ ಕಾಯ್ಲೆ ಐತಂತೆ, ದಿಟವಾ?"

"ಇಲ್ಲ ಕಣೇ."

"ಮತ್ತೇನು ಅಂತ ನಂಗ್ಯಾಕೆ ಬುಡಿ. ನಾಳೀಕೆ ಎಷ್ಟು ಹಾಲು ಬೇಕು ಯೋಳಿ."

ಇಡೀ ಅರಸೀಕೆರೆಯಲ್ಲಿ ನನ್ನನ್ನು ನನ್ನ ಪಾಡಿಗೆ ಬಿಟ್ಟವಳು ಇವಳೊಬ್ಬಳೇ. ಅವಳಿಗೆ ಎಮ್ಮೆ ನೋಡಿಕೊಳ್ಳುವುದಿತ್ತು.

ಮೇಷ್ಟ್ರು ಮಾತ್ರ ಇಳಿದುಹೋದರು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅವರು ಆಡಲಿಲ್ಲ. ಬುಧವಾರ ಮುಚ್ಚಿಟ್ಟು ಹೋದ ಅನ್ನ ಮುಚ್ಚಿದ ಹಾಗೇ ಇರುತ್ತಿತ್ತು. ಒಂದು ಸಂಜೆ ನಾನು ಬಸ್ಸಿಳಿದರೆ ಸ್ಟ್ಯಾಂಡಿನ ಕಂಬದ ಪಕ್ಕ ನಿಂತಿದ್ದರು. "ಪೇಪರ್ ತಗೊಳಕ್ಕೆ ಬಂದೆ" ಎಂದರು. ಪೇಪರು ಬೆಳಗ್ಗೆಯೇ ಮನೆಗೆ ಬಂದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದರು. ಪಾಪ ಅನ್ನಿಸಿತು, ಸಿಟ್ಟೂ ಬಂತು. ಪಾಪ ಅನ್ನಿಸುವಂತೆ ಮಾಡಿ ಕಟ್ಟಿಹಾಕುತ್ತಾರಲ್ಲ, ಅಷ್ಟು ಗಟ್ಟಿ ಹಗ್ಗವನ್ನು ನಮ್ಮೂರ ತೆಂಗಿನ ನಾರಿನಲ್ಲೂ ಹೊಸೆಯಲಾಗುವುದಿಲ್ಲ.

ಆ ರಾತ್ರಿ ತಟ್ಟೆಯ ಮುಂದೆ ಕೂತು, ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಸುಂದರಾ, ನಾನೇನಾದ್ರೂ ತಪ್ಪು ಮಾಡಿದೀನೇನೇ?"

ಉತ್ತರವಾಗಿ ನನ್ನ ಬಾಯಿಂದ ಬಂದದ್ದು ಸುಳ್ಳು. "ಹರಕೆ ರೀ. ಮುಗಿಯೋ ತನಕ ಯಾರಿಗೂ ಹೇಳ್ಬಾರ್ದು."

"ಹರಕೇನಾ!" ಎಂದರು ಮೇಷ್ಟ್ರು. ಮುಖದ ಮೇಲೆ ನೆತ್ತರು ಆಡಿತು. "ಮೊದ್ಲೇ ಅಷ್ಟು ಹೇಳಕ್ಕೇನಾಗಿತ್ತು? ಸ್ವಲ್ಪ ಸಾರು ಬಡಿಸು."

ಮುಂದಿನ ಬುಧವಾರ ನಾನು ಏಳುವಷ್ಟರಲ್ಲಿ ಕಾಫಿ ಆಗಿತ್ತು. ಮೇಷ್ಟ್ರೇ ಮಾಡಿದ್ದು. ನನ್ನ ಬ್ಯಾಗು ಹಿಡಿದು ಬಸ್ಸಿನ ತನಕ ಬಂದು ಕಿಟಕಿಯಲ್ಲಿ ಕೈಮುಗಿದರು, ನನಗಲ್ಲ, ಯಾವ ದೇವರಿಗೆಂದು ಗೊತ್ತಿಲ್ಲದ್ದರಿಂದ ಸುಮಾರಾಗಿ ಮೇಲಕ್ಕೆ. ಮಗ ಫೋನಿನ ಮಾತೆತ್ತಲಿಲ್ಲ. ಶಾಂತಾದೇವಿ ದಾರಿ ಬಿಟ್ಟು ನಿಂತಳು. ಅರವತ್ತು ದಾಟಿದ ಹೆಂಗಸಿಗೆ ಸಿಗದ ಸ್ವಾತಂತ್ರ್ಯ ದೇವರಿಗೆ ಒಂದೇ ಮಾತಿಗೆ ಸಿಕ್ಕಿತು. ಅವನು ಎಲ್ಲಿದ್ದಾನೆಂದು ಯಾರೂ ಲೊಕೇಶನ್ ಕೇಳುವುದಿಲ್ಲ. ಕೆಲವು ವಾರ ನೆಮ್ಮದಿಯಾಗಿ ಕಲ್ಲಿನ ಮೇಲೆ ಕೂತು ಬಂದೆ.

ಅಷ್ಟರಲ್ಲಿ ಮುರಳಿಗೆ ಬೀದರಿಗೆ ವರ್ಗವಾಯಿತು. ಹತ್ತು ದಿನದಲ್ಲಿ ಅದು ರದ್ದೂ ಆಯಿತು. ಬೀದರಿನವನೇ ಒಬ್ಬ ಇಲ್ಲಿ ಸಿಕ್ಕಿಬಿದ್ದಿದ್ದನಂತೆ, ಆ ಜಾಗ ನನಗೇ ಕೊಡಿ ಎಂದು ಅತ್ತು ಕರೆದು ತಾನೇ ಹೋದನಂತೆ. ಅವನ ಪುಣ್ಯ ಯಾರೂ ನೆನೆಯಲಿಲ್ಲ. "ಎಲ್ಲಾ ಅಮ್ಮನ ಬುಧವಾರದ ಮಹಿಮೆ" ಎಂದ ಮುರಳಿ. ಆ ಮಾತು ಸಂಜೆಯೊಳಗೆ ಬೀದಿಯ ಕೊನೆ ಮುಟ್ಟಿ ತಿರುಗಿ ಬಂತು.

ಶಾಂತಾದೇವಿಯ ಮಗಳಿಗೆ ಗಂಡು ಕೂಡಿಬಂದಿರಲಿಲ್ಲ. ಒಬ್ಬಳ ಗಂಡನಿಗೆ ಶುಗರ್. ಇನ್ನೊಬ್ಬಳ ಮಗ ಪಿಯುಸಿಯಲ್ಲಿ ಎರಡನೇ ಸಲ ಡುಮ್ಕಿ. ಎಲ್ಲರಿಗೂ ನನ್ನ ಬುಧವಾರ ಬೇಕಾಯಿತು. ನಾನು ಬಾಯಿ ಬಿಡಲಿಲ್ಲ. ಆದರೆ ನಮ್ಮ ಮೇಷ್ಟ್ರು ಇದ್ದಾರಲ್ಲ, ಪಠ್ಯಕ್ರಮ ಇಲ್ಲದ ವಿಷಯವನ್ನು ಅವರು ಸಹಿಸುವವರಲ್ಲ. ನನ್ನನ್ನು ನೋಡಿ ನೋಡಿಯೇ ಹರಕೆಯ ವಿಧಿಯನ್ನು ಕಂಡುಹಿಡಿದರು. ಆ ದಿನ ತಲೆಗೆ ಎಣ್ಣೆ ಮುಟ್ಟಿಸಬಾರದು. ಹೋಗುವಾಗ ತಿರುಗಿ ನೋಡಬಾರದು. ಸಂಜೆ ಬಂದ ಮೇಲೆ ಮನೆಯಲ್ಲಿ ಊಟ ಮಾಡಬಾರದು. ನಾನು ಎಣ್ಣೆ ಹಚ್ಚದಿದ್ದದ್ದು ಬಾಟಲಿ ಖಾಲಿಯಾಗಿ, ತಿರುಗಿ ನೋಡದಿದ್ದದ್ದು ಬಸ್ಸು ತಪ್ಪೀತೆಂದು, ಊಟ ಬಿಟ್ಟದ್ದು ದೋಸೆ ಇನ್ನೂ ಕರಗಿರದೆ.

"ಪುಣ್ಯಾನ ಒಬ್ಬಳೇ ಕಟ್ಕೋಬಾರ್ದು ಕಣೇ, ಹಂಚ್ಕೋಬೇಕು" ಎಂದು ಒಂದು ದಿನ ಹೇಳಿದರು. "ಟೆಂಪೋ ಟ್ರಾವೆಲರ್‌ಗೆ ಹೇಳಿದೀನಿ. ಬುಧವಾರ ಎಲ್ಲರೂ ಹೋಗೋಣ. ಎಲ್ಲಿಗೆ ಅಂತ ನೀನು ಬಾಯಲ್ಲಿ ಹೇಳ್ಬೇಡ, ಡ್ರೈವರ್‌ಗೆ ದಾರಿ ತೋರಿಸ್ತಾ ಬಾ, ಸಾಕು."

ನಾನು ಬೇಡ ಎನ್ನಲು ಬಾಯಿ ತೆರೆದೆ. ಏನೆಂದು ಹೇಳಲಿ? ಹರಕೆಗೆ ಜನ ಬೇಡ ಎಂದರೆ ದೇವರೇನು ನನ್ನ ಮಾವನ ಮನೆಯವನೇ?

ಬುಧವಾರ ಗಾಡಿ ತುಂಬ ಬೀದಿಯ ಹೆಂಗಸರು. ಬಾಳೆಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮದ ಬಟ್ಟಲು, ಹೂವಿನ ಬುಟ್ಟಿ. ಕೊನೆಯ ಸೀಟಿನಲ್ಲಿ ಕೆಂಚಮ್ಮನೂ ಇದ್ದಳು. ಡ್ರೈವರ್ ಪಕ್ಕದಲ್ಲಿ, ಸೇಫ್ಟಿಗೆಂದು, ನಮ್ಮ ಮೇಷ್ಟ್ರು. ಯಾರೋ ದೇವರನಾಮ ಎತ್ತಿಕೊಂಡರು. ನಾನು ಬಲಕ್ಕೆ, ಎಡಕ್ಕೆ ಎಂದು ಕೈ ತೋರಿಸುತ್ತ, ನನ್ನನ್ನು ನಾನೇ ಠಾಣೆಗೆ ಕರೆದೊಯ್ಯುವಂತೆ ಕೂತಿದ್ದೆ. ಯಾವುದಾದರೊಂದು ಕಲ್ಲು ತೋರಿಸಿ ಇದೇ ದೇವರು ಎಂದರೆ ಎಲ್ಲರಿಗೂ ಸಂತೋಷ, ನನಗೆ ಮಾತ್ರ ಬದುಕಿರುವ ತನಕ ಪ್ರತಿ ಬುಧವಾರ ಟೆಂಪೋ. ನಿಜ ಹೇಳಿದರೆ ಬೀದಿಯ ಮುಂದೆ ಮೇಷ್ಟ್ರ ಮುಖ ಎಲ್ಲಿಡುವುದು? ಜಾವಗಲ್‌ನಿಂದ ಹಳೇಬೀಡಿನ ತನಕ ಇದೇ ಲೆಕ್ಕ ಹಾಕುತ್ತಿದ್ದೆ.

ಕಾಲು ತಾನಾಗಿ ಏರಿಯ ಕಡೆ ನಡೆಯಿತು, ಹಿಂಡು ದೇವರನಾಮ ಹೇಳುತ್ತ ಹಿಂದೆ ಬಂತು. ಹೊಂಗೆ ಮರದ ಹತ್ತಿರ ನಿಂತೆ.

"ಇಲ್ಲಿ ಗುಡೀನೇ ಇಲ್ವಲ್ಲ ಸುಂದರಮ್ಮಾ" ಎಂದಳು ಶಾಂತಾದೇವಿ. ಮರುಕ್ಷಣವೇ ಅವಳ ಕಣ್ಣು ಕಲ್ಲಿನ ಮೇಲೆ ಬಿತ್ತು. ನಾನು ಕೂತು ಕೂತು ಅದರ ಮೇಲಿನ ಧೂಳು ಹೋಗಿ ಮಿರುಗುತ್ತಿತ್ತು. "ಓ, ಇದೇನಾ! ನೋಡ್ರೇ, ಹೇಗೆ ಕಳೆ ಇದೆ!" ಹಳೇಬೀಡಿನಲ್ಲಿ ಅರಿಶಿನ ಕುಂಕುಮ ಹಚ್ಚಿದರೆ ದೇವರಾಗದ ಕಲ್ಲು ಯಾವುದಿದೆ? ಅವಳು ಬಟ್ಟಲಲ್ಲಿ ಬೆರಳದ್ದಿ ಬಗ್ಗಿದಳು. ಇನ್ನೊಂದು ಗೇಣು.

ನಾನು ಹೋಗಿ ಆ ಕಲ್ಲಿನ ಮೇಲೆ ಕೂತುಬಿಟ್ಟೆ.

"ಅಯ್ಯಯ್ಯೋ! ದೇವರ ಮೇಲೆ!"

"ದೇವರಲ್ಲ ರೀ. ಇದು ನಾನು ಕೂರೋ ಕಲ್ಲು. ಹರಕೆ ಇಲ್ಲ, ಏನೂ ಇಲ್ಲ. ಬುಧವಾರ ಬುಧವಾರ ಇಲ್ಲಿಗೆ ಬಂದು ಸುಮ್ನೆ ಕೂತಿರ್ತೀನಿ. ಸಂಜೆ ಎದ್ದು ಬರ್ತೀನಿ."

ದೇವರನಾಮ ನಿಂತಿತು. ಪಿಯುಸಿಯವನ ತಾಯಿ ಮೆಲ್ಲಗೆ ಕೇಳಿದಳು. "ಹಾಗಾದ್ರೆ ನೈವೇದ್ಯ?"

"ಈರುಳ್ಳಿ ದೋಸೆ."

"ಬೆಳಗ್ಗಿಂದ ನಾನು ತೊಟ್ಟು ನೀರು ಕುಡಿದಿಲ್ಲ!" ಎಂದು ಶಾಂತಾದೇವಿ ಕೂಗಿದಳು. ಉಳಿದವರೂ ಬಾಯಿ ಸೇರಿಸಿದರು. ಮನೆಯಲ್ಲಿ ಏನು ಹೇಳುವುದು, ಇಷ್ಟು ದೊಡ್ಡವರಾಗಿ ಹೀಗಾ, ಮಗನ ವರ್ಗ ರದ್ದಾಗಿದ್ದು ಮತ್ತೆ ಹೇಗೆ. ಕೆಂಚಮ್ಮ ಮಾತ್ರ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ನಾನೂ ಅರಕೆಗೆ ಬಂದೋಳಲ್ಲ ಬುಡ್ರವ್ವಾ. ಒಂದಿನ ಎಮ್ಮೆ ಮಕ ನೋಡೋದು ತಪ್ತದಲ್ಲಾ ಅಂತ ಬಂದೆ" ಎಂದು, ಏರಿಯ ಮೇಲೆ ಕಾಲು ಚಾಚಿ ಕೂತು, ದೇವರಿಗೆ ತಂದ ಬಾಳೆಹಣ್ಣೊಂದನ್ನು ಸುಲಿದಳು.

ಮೇಷ್ಟ್ರು ತೆಂಗಿನಕಾಯಿ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ, ನೊಂದಿದ್ದರು. "ಸುಮ್ನೆ ಕೂರೋದಕ್ಕೆ ಇಷ್ಟೆಲ್ಲ ಬೇಕಿತ್ತೇನೇ? ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿರ್ಲಿಲ್ಲ ರೀ. ಅದಕ್ಕೇ ಕೇಳ್ಲಿಲ್ಲ."

ಅವರು ನನ್ನನ್ನು ನೋಡಿದರು, ಕೆರೆಯನ್ನು ನೋಡಿದರು. ಅರ್ಥವಾಯಿತು ಇವರಿಗೆ ಎಂದುಕೊಂಡೆ. ಎದೆ ತುಂಬಿ ಬಂತು. ಇಷ್ಟು ವರ್ಷ ಒಟ್ಟಿಗೆ ಬಾಳಿದ್ದು ದಂಡವಾಗಲಿಲ್ಲ ಎನ್ನಿಸಿ, ಪಕ್ಕದಲ್ಲಿ ಜಾಗ ಮಾಡಲು ಸರಿದು ಕೂತೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೆಂಗಸರ ಕಡೆ ತಿರುಗಿದರು. ಆ ಗಂಟಲಿನ ಸದ್ದು ನನಗೆ ಚೆನ್ನಾಗಿ ಗೊತ್ತು.

"ತಾಯಂದಿರೇ, ಇವತ್ತು ನಿಮ್ಮೆಲ್ಲರ ಎದುರಿಗೆ ಹೇಳ್ತಿದೀನಿ. ಇನ್ನು ಮೇಲೆ ಪ್ರತಿ ಬುಧವಾರ ಸುಂದರಮ್ಮ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಎಲ್ಲಿಗೆ, ಯಾಕೆ ಅಂತ ಮನೇಲಿ ಯಾರೂ ಕೇಳೋ ಹಾಗಿಲ್ಲ, ನಾನೂ ಕೇಳಲ್ಲ. ಬುಧವಾರದ ಪೂರ್ಣ ಸ್ವಾತಂತ್ರ್ಯಾನ ನಾನು ಅವಳಿಗೆ ಕೊಟ್ಟಿದೀನಿ!"

ಹೆಂಗಸರು ಚಪ್ಪಾಳೆ ತಟ್ಟಿದರು. ಈಗ ತಾನೇ ನನ್ನನ್ನು ಬೈಯುತ್ತಿದ್ದ ಶಾಂತಾದೇವಿ ಕಣ್ಣೊರೆಸಿಕೊಂಡು, "ಇಂಥ ಗಂಡ ಸಿಗಬೇಕಾದ್ರೆ ಏಳು ಜನ್ಮದ ಪುಣ್ಯ ಬೇಕು ಕಣ್ರೀ" ಎಂದಳು. ಮೇಷ್ಟ್ರು ಅದೇ ಕಲ್ಲಿನ ಅಂಚಿಗೆ ತೆಂಗಿನಕಾಯಿ ಒಡೆದು ಎಲ್ಲರಿಗೂ ಹೋಳು ಹಂಚಿದರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಡ್ರೈವರನಿಗೆ, ಹೆಂಗಸರಿಗೆ ಸ್ವಾತಂತ್ರ್ಯ ಕೊಡುವುದು ಯಾಕೆ ಮುಖ್ಯ ಎಂದು ವಿವರಿಸುತ್ತಿದ್ದರು. ಅವನು ಹೌದು ಸಾರ್, ಹೌದು ಸಾರ್ ಎನ್ನುತ್ತಿದ್ದ.

ಮುಂದಿನ ವಾರ ನಾನು ಗುರುವಾರ ಹೋದೆ.